ಅಳತೆ ಪುಸ್ತಕದಲ್ಲೊಂದು ಮೀನು

ನಾನು ಮಾರಿದಾಗ ಬೆರಳುದ್ದ ಇತ್ತು.
ಪ್ಲಾಸ್ಟಿಕ್ ಚೀಲದಲ್ಲಿ ಒಂದು ಲೋಟ ನೀರು, ಉಬ್ಬಿದ ಗಾಳಿ,
ನಡುವೆ ಬೆಳ್ಳನೆ ಮೈಮೇಲೆ ಕಪ್ಪು ಗೀರು,
ಪೆನ್ನು ಬರೆಯುತ್ತದಾ ಎಂದು ಯಾರೋ ಗೀಚಿ ನೋಡಿದ ಹಾಗೆ.
"ಎಷ್ಟು ಬೆಳೆಯುತ್ತೆ?" ಅಂದರು ಖಲಂದರ್ ಮೇಸ್ತ್ರಿ.
"ತೊಟ್ಟಿಗೆ ತಕ್ಕಷ್ಟೇ ಸಾಬ್ರೇ" ಅಂದೆ.
ಮುನ್ನೂರೈವತ್ತು ರೂಪಾಯಿ. ಎಣಿಸಿಕೊಂಡೆ.

ಮಂಡಿ ಮೊಹಲ್ಲಾದ ಅವರ ಅಂಗಡಿ ಒಂದು ಓಣಿಯಷ್ಟೇ ಅಗಲ:
ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು,
ಕೊನೆಯಲ್ಲಿ ನಾಲ್ಕಡಿ ಗಾಜಿನ ತೊಟ್ಟಿ.
ಹದಿನೈದು ದಿನಕ್ಕೊಮ್ಮೆ ನನ್ನ ಮೊಪೆಡ್ಡು, ಬಕೆಟ್ಟು, ಪೈಪು,
ಬಾಯಲ್ಲಿ ಎಳೆದ ಮೊದಲ ಗುಟುಕು ಹೊಲಸು ನೀರು.

ಮೊದಲು ಗಪ್ಪಿಗಳು ಹೋದವು. ಯಾರೂ ಲೆಕ್ಕ ಇಟ್ಟಿರಲಿಲ್ಲ.
ಆಮೇಲೆ ಏಂಜೆಲ್ಲು ಎರಡು.
ಆಮೇಲೆ ಹಬ್ಬಕ್ಕೆ ಮೊಮ್ಮಗಳು ತಂದು ಬಿಟ್ಟ ಗೋಲ್ಡ್ ಫಿಶ್ಶು.
ಬೆಳಿಗ್ಗೆ ಗಾಜಿನೊಳಗೆ ಒಂದೇ ಮೀನು,
ಹೊಟ್ಟೆ ಮಾತ್ರ ಹಬ್ಬ ಮಾಡಿತ್ತು.

ಸಲಿಕೆಯಂಥ ಮೂತಿ. ಆರು ಮೀಸೆ.
ದೀಪ ಆರಿಸಿದ ಮೇಲೆ ಆ ಮೀಸೆಗಳು
ಗಾಜನ್ನು ಮುಟ್ಟುತ್ತಿದ್ದವು, ಬಿಡುತ್ತಿದ್ದವು,
ಮತ್ತೆ ಅಲ್ಲೇ ಮುಟ್ಟುತ್ತಿದ್ದವು.

ಮೇಸ್ತ್ರಿ ತಿಂಗಳಿಗೊಮ್ಮೆ ಟೇಪು ಹಿಡಿದು
ಹೊರಗಿನಿಂದಲೇ ಅಳೆಯುತ್ತಿದ್ದರು.
ಅಳತೆ ಪುಸ್ತಕದಲ್ಲಿ ಪೊಲೀಸ್ ಕ್ವಾರ್ಟರ್ಸಿನ ನಾಗಲಿಂಗಯ್ಯನ ಪ್ಯಾಂಟು,
ಅದರ ಕೆಳಗೆ: ಮೀನು. ಉದ್ದ ಹದಿನಾಲ್ಕು.
ಹದಿನೇಳು. ಇಪ್ಪತ್ತೆರಡು.
ಸೊಂಟದ ಜಾಗದಲ್ಲಿ ಒಂದು ಅಡ್ಡಗೆರೆ.

"ಪಟ್ಟೆ ಬಟ್ಟೆ ಹೊಲಿಯೋದು ಕಷ್ಟ ಕಣೋ" ಅನ್ನುತ್ತಿದ್ದರು,
"ಎಡದ ಪಟ್ಟೆ ಬಲದ ಪಟ್ಟೆಗೆ ಕೂಡಬೇಕು, ಬೆನ್ನ ಮೇಲೆ.
ಇದಕ್ಕೆ ಕೂಡಿಲ್ಲ, ನೋಡು.
ಹೊಲಿದವನು ಬೇಕಂತಲೇ ಹಾಗೆ ಬಿಟ್ಟಿದ್ದಾನೆ.
ಯಾಕೆ ಅಂತ ಕೇಳೋಕೆ ನಾವೇನು ಗಿರಾಕಿಗಳಾ?"

ಇಪ್ಪತ್ತೊಂಬತ್ತು ಇಂಚಿಗೆ ಅದು ತಿರುಗುವುದನ್ನು ಬಿಟ್ಟಿತು.

ಒಂದು ಭಾನುವಾರ ಡ್ರಮ್ಮಿಗಿಳಿಸಿ, ಒದ್ದೆ ಗೋಣಿ ಮುಚ್ಚಿ
ಆಟೋದಲ್ಲಿ ಹೊರಟೆವು, ಬೆಳಗೊಳ ದಾಟಿ, ಕಾವೇರಿಗೆ.
ದಾರಿಯುದ್ದಕ್ಕೂ ಬಾಲ ಡ್ರಮ್ಮಿಗೆ ಬಡಿಯುತ್ತಿತ್ತು.
ಮೇಸ್ತ್ರಿ ಅದರ ಮೇಲೆ ಕೈಯಿಟ್ಟು ಕೂತಿದ್ದರು.

ದಡದಲ್ಲಿ ಬಲೆಯ ಸಿಕ್ಕು ಬಿಡಿಸುತ್ತಿದ್ದ ಚಲುವಾಜಮ್ಮ
ಗೋಣಿ ಎತ್ತಿ ನೋಡಿದಳು.
"ಇದ್ಯಾವೂರ್ದು?"
ದೂರದ್ದು, ಸಮುದ್ರದಾಚೆ ಒಂದು ದೊಡ್ಡ ಹೊಳೆ, ಅಂದೆ.
"ಏನ್ ತಿಂತದೆ?"
ಬಾಯಿಗೆ ಹಿಡಿಸೋದನ್ನೆಲ್ಲ.
ಅವಳು ಬಾಯಿ ನೋಡಿದಳು. ಹೊಳೆ ನೋಡಿದಳು.
ಪಕ್ಕದ ಬುಟ್ಟಿಯಲ್ಲಿ ಅವಳ ಬೆಳಗಿನ ದುಡಿಮೆ, ಅಂಗೈಯಗಲದವು.
"ನಮ್ ಹೊಳೇಲಿರಾವೆಲ್ಲ ಇದ್ರ ಬಾಯ್ಗಿಡಿಸಾವೇ ಕಣಪ್ಪಾ.
ತಗಂಡೋಗಿ."
ಮತ್ತೆ ಗಂಟಿನ ಮೇಲೆ ಬಗ್ಗಿದಳು.

ಹಿಂದಿರುಗುವಾಗ ಆಟೋದವನು ಎರಡರಷ್ಟು ಕೇಳಿದ.
ನಾನೇ ಕೊಟ್ಟೆ.

ಈಗದು ಅಂಗಡಿ ಹಿಂದಿನ ಸಂಪಿನಲ್ಲಿದೆ.
ಮೆಹರುನ್ನಿಸಾ ಬೀದಿ ನಲ್ಲಿಯಿಂದ ಕೊಡ ಹೊರುತ್ತಾರೆ,
ನನ್ನ ಜೊತೆ ಮಾತಿಲ್ಲ.
ಮಧ್ಯಾಹ್ನ ನಮಾಜು ಮುಗಿಸಿ ಬಂದು ಮೇಸ್ತ್ರಿ ಮುಚ್ಚಳ ಎತ್ತುತ್ತಾರೆ,
ನೀರಿನ ಮೇಲೆ ಒಂದು ಚೌಕ ಬಿಸಿಲು.
ಅದರೊಳಕ್ಕೆ ಎರಡು ಪಟ್ಟೆ ಬರುತ್ತವೆ, ನಾಲ್ಕು ಬರುತ್ತವೆ, ಹೋಗುತ್ತವೆ,
ಇಡೀ ಮೀನು ಕಾಣುವುದಿಲ್ಲ.
ಪುಸ್ತಕದಲ್ಲಿ ಈಗ ಅಂಕಿಯ ಪಕ್ಕ "ಅಂದಾಜು" ಅಂತ ಬರೆಯುತ್ತಾರೆ.

ಮೊನ್ನೆ ನನ್ನ ಅಂಗಡಿಗೆ ಒಬ್ಬ ಹುಡುಗ ಬಂದ,
ಬೆರಳುದ್ದದ್ದರ ಮುಂದೆ ನಿಂತ.
"ಎಷ್ಟು ಬೆಳೆಯುತ್ತೆ ಅಣ್ಣಾ?"
ಜೇಬಿನಲ್ಲಿ ಮೇಸ್ತ್ರಿ ಕೊಟ್ಟ ಹಳೇ ಟೇಪಿತ್ತು.
ಒಂದು ತುದಿ ಅವನ ಚಪ್ಪಲಿಯ ಕೆಳಗಿಟ್ಟೆ,
ಇನ್ನೊಂದನ್ನು ಎಳೆಯುತ್ತ ಹೋದೆ,
ಮಂಡಿ ದಾಟಿತು, ಸೊಂಟ ದಾಟಿತು,
ಎದೆಯ ಹತ್ತಿರ, ಗುಂಡಿ ಕಿತ್ತುಹೋದ ಜಾಗದಲ್ಲಿ ಹಿಡಿದೆ.

ಒಂದು ಜೊತೆ ಗಪ್ಪಿ ತಗೊಂಡು ಹೋದ.
ನಲವತ್ತು ರೂಪಾಯಿ.